ಗಟ್ಟಿತನ ಒಂಬತ್ತು

ಜನವರಿ 2, ಗುರುವಾರ

ಹೊಸ ವರ್ಷದ ಮೊದಲ ಆಟ ಮುಗಿಯಿತು. ನೆಲಮಾಳಿಗೆಯ ಮೇಜಿನ ಸುತ್ತ ಮೂರೇ ಜನ: ಗಾರ್ಥ್, ಟ್ವೈಲಾ, ನಾನು. ಒಂದು ಕಾಲಕ್ಕೆ ಏಳು ಜನ ಇದ್ದೆವು. ಒಬ್ಬ ಫ್ಲಾರಿಡಾ ಸೇರಿದ, ಇಬ್ಬರು ಮೊಮ್ಮಕ್ಕಳ ಹಿಂದೆ ಬಿದ್ದರು, ನನ್ನ ಮಾರ್ಲಿಸ್ ತೀರಿಕೊಂಡಳು. ಗಾರ್ಥ್ ಅವಳ ತಮ್ಮ. ಅಕ್ಕ ಹೋದ ಮೇಲೂ ಅವನು ನನ್ನನ್ನು ಭಾವ ಅನ್ನುವುದನ್ನು ಬಿಟ್ಟಿಲ್ಲ, ಗುರುವಾರ ಬಂದು ನನ್ನ ಫ್ರಿಜ್ಜಿನ ಬಿಯರ್ ಖಾಲಿ ಮಾಡುವುದನ್ನೂ ಬಿಟ್ಟಿಲ್ಲ. ಟ್ವೈಲಾ ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು. ಹಿಂದಿನ ಸೀಟಿನ ತುಂಟರನ್ನು ಕನ್ನಡಿಯಲ್ಲಿ ನೋಡಿ ನೋಡಿ ಅವಳಿಗೆ ಎದುರಿಗೆ ಕೂತವರ ಮೇಲೂ ಅನುಮಾನ.

ಫೆಬ್ರವರಿ 8ಕ್ಕೆ ಮ್ಯಾಡಿಸನ್ ನಗರದಲ್ಲಿ ಆಟಗಾರರ ಸಮ್ಮೇಳನ. ನನ್ನ ಸ್ವಂತ ನಿಯಮದ ಆಟವನ್ನು ಮೊದಲ ಸಲ ಹೊರಗಿನವರ ಮುಂದೆ ನಡೆಸಬೇಕು. ನಿಯಮದ ಪುಸ್ತಕದ ಮುನ್ನುಡಿಗೆ ಇವತ್ತು ಬರೆದದ್ದು: "ಒಬ್ಬ ಕಥೆ ನಡೆಸುತ್ತಾನೆ. ಉಳಿದವರು ಒಂದೊಂದು ಪಾತ್ರವಾಗಿ ಅದರೊಳಗೆ ಬದುಕುತ್ತಾರೆ. ಮುಂದೇನು ಎಂದು ಯಾರಿಗೂ ಗೊತ್ತಿಲ್ಲದಾಗ ದಾಳ ಹೇಳುತ್ತದೆ." ಅರ್ಧ ಆಯುಷ್ಯ ಕಳೆದ ಆಟಕ್ಕೆ ಮೂರು ವಾಕ್ಯ ಸಾಕಾಯಿತು.

ಎಲ್ಲ ಆಟಗಳಲ್ಲೂ ಒಂದೇ ಮೋಸ. ಪಾತ್ರಕ್ಕೆ ಐವತ್ತು ಜೀವಾಂಕ ಕೊಡುತ್ತಾರೆ. ಕೊಡಲಿ ಏಟಿಗೆ ಹತ್ತು ಹೋಗುತ್ತದೆ, ಬೆಂಕಿಗೆ ಹದಿನೈದು. ಕೊನೆಯ ಒಂದೇ ಒಂದು ಉಳಿದಿದ್ದರೂ ಪುಣ್ಯಾತ್ಮ ಮದುವೆ ಮನೆಗೆ ಹೊರಟವನಂತೆ ಓಡಾಡುತ್ತಾನೆ. ಅದೂ ಹೋದಾಗ ದೊಪ್ಪನೆ ಬೀಳುತ್ತಾನೆ. ಮನುಷ್ಯರ ಮೈ ಹಾಗಿರುತ್ತದೆಯೇ? ನನ್ನ ಆಟದಲ್ಲಿ ಜೀವಾಂಕವೇ ಇಲ್ಲ. ಗಟ್ಟಿತನ ಅಂತ ಒಂದು ಸಂಖ್ಯೆ, ಒಂದರಿಂದ ಒಂಬತ್ತರವರೆಗೆ. ಏಟು ಅದಕ್ಕಿಂತ ಕಡಿಮೆಯಾದರೆ ಲೆಕ್ಕಕ್ಕಿಲ್ಲ. ಮೀರಿದರೆ ಘೋರ ಗಾಯದ ಪಟ್ಟಿಗೆ ದಾಳ ಉರುಳಿಸಬೇಕು. ಕಣ್ಣು, ಪಕ್ಕೆಲುಬು, ಮಂಡಿ, ಹೀಗೆ ಇಪ್ಪತ್ತು ಸಾಲು. ಗಟ್ಟಿತನ ಏಳು ದಾಟಿದವನು ಮಾತ್ರ ಕಾಳಗ ಮುಗಿಯುವ ತನಕ ಉರುಳಿಸಬೇಕಿಲ್ಲ. ಅವನ ಗಾಯ ಕಾಯುತ್ತದೆ. ಇದು ನನ್ನ ಮೆಚ್ಚಿನ ನಿಯಮ, ಅಪ್ಪನನ್ನು ನೋಡಿ ಬರೆದದ್ದು. ಮರ ಕುಯ್ಯುವ ಗರಗಸ ತೊಡೆಗೆ ತಗುಲಿದಾಗ ಗೋಣಿ ಚೂರು ಬಿಗಿದುಕೊಂಡು, ಕೊಟ್ಟಿಗೆಯ ಅಷ್ಟೂ ಹಸುಗಳ ಹಾಲು ಕರೆದು, ಆಮೇಲೆ ಡಾಕ್ಟರ ಹತ್ತಿರ ಹೋದ ಮನುಷ್ಯ.

ಟ್ವೈಲಾ ಒಪ್ಪಲಿಲ್ಲ. "ಗಟ್ಟಿಯಾಗಿರೋನಿಗೆ ಗಾಯ ಕಾಯುತ್ತೆ ಅಂದ್ರೆ ಏನೋ ಅರ್ಥ? ಗಾಯಕ್ಕೇನ್ ಮರ್ಯಾದೆ ಗೊತ್ತಾ?"

"ನಿನ್ ಪಾತ್ರ ಆ ಕುಳ್ಳ, ಅವನ ಗಟ್ಟಿತನ ಮೂರು ತಾನೇ, ನಿಂಗೆ ಹೊಟ್ಟೆಕಿಚ್ಚು," ಅಂದ ಗಾರ್ಥ್. ಅವನ ಓಡ್ರಿಕ್‌ಗೆ ಒಂಬತ್ತು. ಒಂಬತ್ತು ವರ್ಷದಿಂದ ಆಡಿಸುತ್ತಿರುವ ಪಾತ್ರ. ಓಡ್ರಿಕ್ ಬಗ್ಗೆ ಮಾತಾಡುವಾಗ ಗಾರ್ಥ್ ಎದೆ ಉಬ್ಬಿಸಿ ಕೂರುತ್ತಾನೆ, ಚೀಸ್ ಕಾರ್ಖಾನೆಯಲ್ಲಿ ದಿನವಿಡೀ ಬಿಳಿ ಟೋಪಿ ಹಾಕಿಕೊಂಡಿರುವ ಬಡಪಾಯಿ.

ಅವರು ಹೋದ ಮೇಲೆ ಒಂದು ತಮಾಷೆ. ಮೇಲೆ ಬಂದು ಕಾಲುಚೀಲ ಕಳಚಿದರೆ ಎಡಗಾಲಿನದು ರಕ್ತದಲ್ಲಿ ತೊಯ್ದಿದೆ. ಅಂಗಾಲಿನಲ್ಲಿ ನಾಲ್ಕು ಮುಖದ ದಾಳ ನಾಟಿಕೊಂಡಿದೆ! ಗಾರ್ಥ್ ಕ್ರಿಸ್‌ಮಸ್ಸಿಗೆ ಕೊಟ್ಟ ಲೋಹದ ದಾಳ, ಗೋಪುರದ ಹಾಗೆ ಚೂಪು ತುದಿ. ಹಿಮದ ಬೂಟುಗಳನ್ನೆಲ್ಲ ಬಾಗಿಲಲ್ಲೇ ಬಿಚ್ಚಿಡುವ ಮನೆ ನಮ್ಮದು, ಕೆಳಗೆ ಬಿದ್ದ ದಾಳ ತುಳಿದು ಅರಚದವರು ಈ ಊರಿನ ಆಟಗಾರರಲ್ಲಿ ಒಬ್ಬರೂ ಇಲ್ಲ. ನಾನು ಅದನ್ನು ಕಾಲಲ್ಲೇ ಇಟ್ಟುಕೊಂಡು ಮೆಟ್ಟಿಲು ಹತ್ತಿ, ಪಾತ್ರೆ ತೊಳೆದು, ಕಸ ಹೊರಗಿಟ್ಟು ಬಂದಿದ್ದೇನೆ. ಒಂದು ಚೂರೂ ನೋಯಲಿಲ್ಲ. ನನ್ನ ಗಟ್ಟಿತನ ಎಷ್ಟು ಅಂತ ಬರೆದುಕೊಳ್ಳಬೇಕೋ! ತೊಳೆದು ಪ್ಲಾಸ್ಟರ್ ಅಂಟಿಸಿದೆ.

ಜನವರಿ 5, ಭಾನುವಾರ

ಬೆಳಗಿನಿಂದ ಹಿಮ ಎತ್ತಿ ಹಾಕಿದೆ, ನನ್ನ ಅಂಗಳದ್ದೂ ಪಕ್ಕದ ಮನೆಯದ್ದೂ. ಪ್ಲಾಸ್ಟರ್ ಒದ್ದೆಯಾಗಿತ್ತು. ಬೂಟಿನ ಬೆವರು. ಸಕ್ಕರೆ ಕಾಯಿಲೆ ಶುರುವಾದಾಗ ಡಾಕ್ಟರು ದಿನಾ ಅಂಗಾಲು ನೋಡಿಕೊಳ್ಳಿ ಅಂತ ಉದ್ದ ಹಿಡಿಯ ಕನ್ನಡಿ ಕೊಟ್ಟಿದ್ದರು. ಮಾರ್ಲಿಸ್ ಇದ್ದಾಗ ಅವಳೇ ನೋಡುತ್ತಿದ್ದಳು. ಕನ್ನಡಿ ಎಲ್ಲಿ ಹೋಯಿತೋ, ಹುಡುಕಬೇಕು.

ಮಧ್ಯಾಹ್ನ ಪಟ್ಟಿಯ ಏಳನೇ ಸಾಲು ತಿದ್ದಿದೆ. ಪಾದಕ್ಕೆ ಗಾಯವಾದರೆ ನಡಿಗೆ ಅರ್ಧ ಅಂತ ಇತ್ತು. ಅದು ಅತಿಯಾಯಿತು. ಮುಕ್ಕಾಲು ಮಾಡಿದೆ.

ಜನವರಿ 10, ಶುಕ್ರವಾರ

ಹೆಂಡದಂಗಡಿಯಲ್ಲಿ ಶುಕ್ರವಾರದ ಕರಿದ ಮೀನು. ಟ್ವೈಲಾ ತನ್ನ ಪಾಲಿನ ಕೋಸಿನ ಪಲ್ಯವನ್ನೂ ನನ್ನ ತಟ್ಟೆಗೆ ಹಾಕಿ, "ಸೊರಗಿದೀಯ," ಅಂದಳು. "ಹಿಮ ಎತ್ತಿ ಎತ್ತಿ," ಅಂದೆ. ಪೋಲ್ಕಾ ಕುಣಿತದ ವಾದ್ಯ ಶುರುವಾದಾಗ ಅವಳ ಜೊತೆ ಒಂದು ಸುತ್ತು ಕುಣಿದೆ ಕೂಡ. ಕುಂಟಲಿಲ್ಲ, ಏನಿಲ್ಲ.

ಮನೆಗೆ ಬಂದು ನೋಡಿದರೆ ಕಾಲುಚೀಲ ಮತ್ತೆ ಒದ್ದೆ, ಹಳದಿ ಕಲೆ. ಎರಡು ಪ್ಲಾಸ್ಟರ್ ಹಾಕಿದೆ.

ಜನವರಿ 16, ಗುರುವಾರ

ಇವತ್ತಿನ ಆಟ ಕೆಟ್ಟುಹೋಯಿತು. ಬರೆದಿಡದಿದ್ದರೆ ನಿದ್ದೆ ಬರುವುದಿಲ್ಲ.

ಗಾರ್ಥ್ ನನ್ನ ನಿಯಮದಲ್ಲಿ ತೂತು ಹುಡುಕಿದ. ಗಟ್ಟಿತನ ಒಂಬತ್ತರವನಿಗೆ ಗಾಯದ ಲೆಕ್ಕ ಕಾಳಗ ಮುಗಿದ ಮೇಲೆ ತಾನೇ? ಹಾಗಾದರೆ ಕಾಳಗ ಮುಗಿಸದಿದ್ದರಾಯಿತು! ಓಡ್ರಿಕ್ ಸೇತುವೆಯ ಮೇಲೆ ದರೋಡೆಕೋರರ ಜೊತೆ ಬಡಿದಾಡಿದ, ಅವರು ಓಡಿದರೆ ಬೆನ್ನಟ್ಟಿದ, ಬೆನ್ನಟ್ಟುತ್ತಾ ಕಾಡಿನ ತೋಳಗಳ ಮೇಲೆ ಬಿದ್ದ, ಅಲ್ಲಿಂದ ಕೋಟೆಯ ಕಾವಲುಗಾರರ ಮೇಲೆ. ಮೈತುಂಬ ಗಾಯ, ಒಂದಕ್ಕೂ ದಾಳ ಉರುಳಿಸಿಲ್ಲ. ಗಾರ್ಥ್‌ಗೆ ನಗು ತಡೆಯಲಾಗುತ್ತಿಲ್ಲ.

"ನಿಮ್ದೇ ನಿಯಮ ಭಾವ. ನಾನೇನೂ ಮೋಸ ಮಾಡ್ತಿಲ್ಲ."

ಕೊನೆಗೆ ಹೊಡೆಯಲು ಯಾರೂ ಉಳಿಯಲಿಲ್ಲ. ಓಡ್ರಿಕ್ ಛತ್ರಕ್ಕೆ ಹೋಗಿ ಕೂತು ಗಂಜಿ ತರಿಸಿದ. ನಾನು ಹೇಳಿದೆ, ಕಾಳಗ ಮುಗಿಯಿತು, ಈಗ ಉರುಳಿಸು. ಐದು ಗಾಯ ಒಟ್ಟಿಗೆ. ಮೊದಲನೆಯದು ಶ್ವಾಸಕೋಶ, ಎರಡನೆಯದು ಹೊಟ್ಟೆ. ಮೂರನೆಯದಕ್ಕೆ ಬರುವಷ್ಟರಲ್ಲಿ ಓಡ್ರಿಕ್ ಗಂಜಿಯ ಬಟ್ಟಲಿನ ಮೇಲೆ ಮುಖ ಇಟ್ಟು ಸತ್ತುಹೋಗಿದ್ದ.

ಟ್ವೈಲಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಗಾರ್ಥ್ ನಗಲಿಲ್ಲ. "ಗಂಜಿ ಕುಡೀತಾ ಸಾಯ್ತಾನಾ ಭಾವ? ಒಂಬತ್ತು ವರ್ಷದ ಪಾತ್ರ. ಅಕ್ಕ ಹೆಸರಿಟ್ಟಿದ್ದು ಅವನಿಗೆ."

"ದಾಳ ಬಿದ್ದಿದ್ದು ಬಿತ್ತು ಕಣೋ. ಹಿಂದಕ್ಕೆ ತಗೊಂಡ್ರೆ ಅದು ಆಟ ಅಲ್ಲ."

"ದಾರಿಯಲ್ಲೇ ಒಂದು ಮಾತು ಹೇಳ್ಬೋದಿತ್ತಲ್ಲ ನೀವು. ನೋಡ್ತಾ ಕೂತಿದ್ರಿ."

"ಆಡಿಸ್ತಿದ್ದೋನು ನೀನು. ನಿಲ್ಸೋದೂ ನಿನ್ ಕೈಲೇ ಇತ್ತು."

ಬಿಯರ್ ಅರ್ಧಕ್ಕೇ ಬಿಟ್ಟು ಬೂಟು ಹಾಕಿಕೊಂಡು ಹೊರಟುಹೋದ. ನಿಯಮ ನಿಯಮವೇ. ಅವನ ಹಟ ಅವನ ಪಾತ್ರವನ್ನು ಕೊಂದಿತು, ನಾನಲ್ಲ. ಆದರೂ ತೂತು ಮುಚ್ಚಬೇಕು. ಕಾಳಗ ಮುಗಿಯಿತು ಅಂತ ಹೇಳುವವರು ಯಾರು?

ಜನವರಿ 20, ಸೋಮವಾರ

ಭಾರೀ ಚಳಿ. ಕಾರು ಶುರುವಾಗಲಿಲ್ಲ. ಸರೋವರದ ಮಂಜುಗಡ್ಡೆ ಬಿರುಕು ಬಿಡುವ ಸದ್ದು ಇಲ್ಲಿಯವರೆಗೂ ಕೇಳುತ್ತದೆ.

ಕನ್ನಡಿ ಸಿಕ್ಕಿತು, ಮಾರ್ಲಿಸ್‌ಳ ಹೊಲಿಗೆ ಪೆಟ್ಟಿಗೆಯಲ್ಲಿ. ಅಂಗಾಲು ನೋಡಿದೆ. ನೋಡಬಾರದಿತ್ತು. ನಾಲ್ಕು ಮುಖದ ದಾಳ ಈಗ ಆ ತೂತಿನೊಳಗೆ ಆರಾಮಾಗಿ ಕೂರುತ್ತದೆ. ಅಂಚು ಬೆಳ್ಳಗಾಗಿದೆ, ಸುತ್ತ ಕೆಂಪು. ಕಿರುಬೆರಳಿನ ಬಣ್ಣ ಯಾಕೋ ಸರಿಯಿಲ್ಲ. ಅದುಮಿದೆ. ಏನೂ ಇಲ್ಲ. ಉಗುರಿನಿಂದ ಚುಚ್ಚಿದೆ. ಮೇಜಿನ ಕಾಲನ್ನು ಚುಚ್ಚಿದ ಹಾಗಿತ್ತು.

ಡಾಕ್ಟರ ಹತ್ತಿರ ಹೋದರೆ ಮುಂದಿನದು ನನಗೆ ಗೊತ್ತು. ಅಪ್ಪನದೂ ಹೀಗೇ ಶುರುವಾದದ್ದು. ಗರಗಸಕ್ಕೆ ಬಗ್ಗದ ಮನುಷ್ಯ ಸಕ್ಕರೆಗೆ ಬಗ್ಗಿದ. ನಡೆದುಕೊಂಡು ಆಸ್ಪತ್ರೆಗೆ ಹೋದ. ಮೊದಲು ಒಂದು ಬೆರಳು ತೆಗೆದರು, ಆಮೇಲೆ ಮಂಡಿಯ ಕೆಳಗೆ, ಆಮೇಲೆ ಮಂಡಿಯ ಮೇಲೆ. ಮುಂದಿನ ಹುಲ್ಲು ಕೊಯ್ಲಿಗೆ ಅಪ್ಪ ಇರಲಿಲ್ಲ. ಆಸ್ಪತ್ರೆಯವರ ಕೈಗೆ ಒಂದು ಬೆರಳು ಕೊಟ್ಟರೆ ನಿಲ್ಲುವವರಲ್ಲ.

ಸಮ್ಮೇಳನ ಒಂದು ಮುಗಿಯಲಿ. ನನ್ನ ಆಟಕ್ಕೆ ಆರು ಜನ ಹೆಸರು ಕೊಟ್ಟಿದ್ದಾರೆ. ಕಾಲನ್ನು ಉಪ್ಪುನೀರಿನಲ್ಲಿ ಅದ್ದಿಟ್ಟುಕೊಂಡು ಪಟ್ಟಿ ತಿದ್ದುತ್ತಿದ್ದೇನೆ.

ಜನವರಿ 23, ಗುರುವಾರ

ಗಾರ್ಥ್ ಬರಲಿಲ್ಲ. ಫೋನೂ ಎತ್ತಲಿಲ್ಲ.

ಟ್ವೈಲಾ ಬಂದಳು, ಕೈಯಲ್ಲಿ ಆಲೂಗಡ್ಡೆ ಸೂಪು. ಇಬ್ಬರೇ ಕೂತು ನಿಯಮದ ತೂತು ಮುಚ್ಚಲು ನೋಡಿದೆವು. ಅವಳು ಹೇಳಿದ್ದು: ಗಟ್ಟಿತನ ಜಾಸ್ತಿ ಇರುವವನು ತನ್ನ ಗಾಯ ತಾನೇ ನೋಡಿಕೊಳ್ಳುವ ಹಾಗಿಲ್ಲ. ಪಕ್ಕದ ಪಾತ್ರ ಬಂದು ನೋಡಬೇಕು. ಅವನು ನೋಡಿ ಸಾಕು ಅಂದರೆ ಕಾಳಗ ಅಲ್ಲಿಗೆ ಮುಗಿಯಿತು.

"ಆಟ ನಿಧಾನ ಆಗುತ್ತೆ ಕಣೇ. ಒಬ್ಬೊಬ್ಬನ ಅಂಗಿ ಬಿಚ್ಚಿ ನೋಡ್ತಾ ಕೂತ್ರೆ ರಾಕ್ಷಸ ಏನ್ ಕಾಫಿ ಕುಡೀತಿರ್ತಾನಾ?"

"ನಿಧಾನ ಆಗ್ಲಿ. ಸತ್ತವನಿಗಿಂತ ನಿಧಾನ ಏನಿಲ್ಲ."

"ಗಟ್ಟಿಗನಿಗೆ ತನ್ ಮೈ ಗೊತ್ತಿರಲ್ವಾ?"

ಅವಳು ಚಮಚ ಕೆಳಗಿಟ್ಟಳು. "ನಿನ್ ಪಟ್ಟಿಯಲ್ಲಿ ನೋವು ಗೊತ್ತಾಗದೇ ಇರೋದು ಅನ್ನೋ ಸಾಲೇ ಇಲ್ಲ ಮರ್ವ್. ನಾನಾಗಿದ್ರೆ ಅದನ್ನ ಇಪ್ಪತ್ತನೇ ಸಾಲಿಗೆ ಹಾಕ್ತಿದ್ದೆ. ಎಲ್ಲಕ್ಕಿಂತ ಕೆಳಗೆ."

ಇಪ್ಪತ್ತನೇ ಸಾಲು ತಲೆ ಹಾರುವುದು. ಹೆಂಗಸಿಗೆ ನಿಯಮ ಬರೆಯುವುದು ಅಂದರೆ ಏನು ಅಂತಲೇ ಗೊತ್ತಿಲ್ಲ. ಸೂಪು ಚೆನ್ನಾಗಿತ್ತು, ಆದರೆ ಯಾಕೋ ಪೂರ್ತಿ ಸೇರಲಿಲ್ಲ.

ಜನವರಿ 30, ಗುರುವಾರ

ಗಾರ್ಥ್ ಬಂದ. ಮುಖ ಊದಿಸಿಕೊಂಡೇ ಬಂದ, ಆದರೆ ಬಂದ. ಹೊಸ ಪಾತ್ರ ಮಾಡಿಕೊಂಡಿದ್ದಾನೆ, ಮದ್ದು ಮಾರುವ ಮುದುಕಿ, ಗಟ್ಟಿತನ ಎರಡು. ನನ್ನನ್ನು ಚುಚ್ಚುವುದಕ್ಕೇ ಅಂತ ಗೊತ್ತು. ಇರಲಿ.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಗಾರ್ಥ್ ಮೂಗು ಮುಚ್ಚಿಕೊಂಡ. "ಭಾವ, ಏನೋ ಸತ್ತಿದೆ ಇಲ್ಲಿ."

"ಇಲಿ ಇರ್ಬೇಕು. ಚಳಿಗೆ ಒಳಗೆ ಬರ್ತಾವೆ."

ಅವನಿಗೆ ಕೆಲಸ ಸಿಕ್ಕ ಹಾಗಾಯಿತು. ಟಾರ್ಚ್ ತಗೊಂಡು ಮನೆ ಬೆಚ್ಚಗಿಡುವ ಯಂತ್ರದ ಹಿಂದೆ ತೂರಿದ, ಹಳೆಯ ಪೆಟ್ಟಿಗೆಗಳನ್ನೆಲ್ಲ ಎಳೆದ, ಬಟ್ಟೆ ಒಗೆಯುವ ಯಂತ್ರವನ್ನು ಗೋಡೆಯಿಂದ ಈಚೆ ತಂದ. ನಾನೂ ಎದ್ದು ಒಂದೆರಡು ಪೆಟ್ಟಿಗೆ ಎತ್ತಿಕೊಟ್ಟೆ. "ಈ ಕಡೆ ಜಾಸ್ತಿ ಇದೆ," ಅನ್ನುತ್ತಾ ಅವನು ಮತ್ತೆ ಮತ್ತೆ ಮೇಜಿನ ಹತ್ತಿರಕ್ಕೇ ಬರುತ್ತಿದ್ದ.

ಟ್ವೈಲಾ ಇಲಿ ಹುಡುಕಲಿಲ್ಲ. ಕುರ್ಚಿಯಲ್ಲೇ ಕೂತು ನನ್ನನ್ನು ನೋಡುತ್ತಿದ್ದಳು. ಗಾರ್ಥ್ ಮೇಲೆ ಕಸದ ಚೀಲ ತರಲು ಹೋದಾಗ ಮೆಲ್ಲಗೆ ಕೇಳಿದಳು.

"ಕಾಲಿಗೆ ಏನಾಗಿದೆ?"

"ಏನಿಲ್ಲ. ದಾಳ ಚುಚ್ತು, ಆಗ್ಲೇ ಒಂದು ತಿಂಗಳಾಯ್ತು. ವಾಸಿ ಆಗ್ತಿದೆ."

"ತೋರ್ಸು."

"ಡಾಕ್ಟರಿಗೆ ತೋರಿಸ್ದೆ ಕಣೇ. ಮಾತ್ರೆ ಕೊಟ್ಟಿದಾರೆ. ನೀನೇನ್ ನರ್ಸಾ?"

ಸುಳ್ಳು ನಾಲಿಗೆಯ ಮೇಲೆ ತಾನಾಗೇ ಬಂತು. ಅವಳು ಮತ್ತೆ ಕೇಳದೆ ತನ್ನ ದಾಳ ಎತ್ತಿಕೊಂಡಳು. ನಾನು ಸುಳ್ಳು ಹೇಳುವವನಲ್ಲ ಅಂತ ಅವಳಿಗೆ ನಂಬಿಕೆ. ಇಲಿ ಸಿಗಲಿಲ್ಲ.

ಫೆಬ್ರವರಿ 3, ಸೋಮವಾರ

ಸ್ವಲ್ಪ ಜ್ವರ. ಊರಿಗೆಲ್ಲ ನೆಗಡಿ ಬಂದಿದೆ. ಕಾಲುಚೀಲದ ಮೇಲೆ ಪ್ಲಾಸ್ಟಿಕ್ ಕಟ್ಟಿ, ಅದರ ಮೇಲೆ ಇನ್ನೊಂದು ಕಾಲುಚೀಲ ಹಾಕಿಕೊಂಡೆ. ವಾಸನೆ ಕಡಿಮೆ.

ಫೆಬ್ರವರಿ 5, ಬುಧವಾರ

ನಡುಕ. ಮೂರು ಕಂಬಳಿ ಹೊದ್ದರೂ ಹೋಗದು. ಕಿರುಬೆರಳು ಕಪ್ಪು. ಪಕ್ಕದ್ದೂ. ಕನ್ನಡಿಯನ್ನು ವಾಪಸ್ಸು ಪೆಟ್ಟಿಗೆಗೆ ಹಾಕಿದೆ.

ಶನಿವಾರ ಒಂದು ದಾಟಲಿ.

ಫೆಬ್ರವರಿ 6, ಗುರುವಾರ

ಹಿಮಗಾಳಿ ಅಂತ ಆಟ ಬೇಡ ಅಂದೆ. ಗಾರ್ಥ್ ಸಮ್ಮೇಳನಕ್ಕೆ ಶುಕ್ರವಾರವೇ ಹೋಗಿ ಮೇಜು ಹಿಡಿದಿಡುತ್ತಾನೆ. ನನ್ನನ್ನು ಟ್ವೈಲಾ ಕರೆದುಕೊಂಡು ಹೋಗುತ್ತಾಳೆ. ಪಟ್ಟಿ ಅಚ್ಚು ಹಾಕಿಸಿ ಆಯಿತು. ಬೇರೇನೂ ಬರೆಯಲಾಗುತ್ತಿಲ್ಲ, ಅಕ್ಷರಗಳು ಓಡುತ್ತಿವೆ.

ಫೆಬ್ರವರಿ 9, ಭಾನುವಾರ

ಮ್ಯಾಡಿಸನ್. ಆಸ್ಪತ್ರೆ. ಗಾರ್ಥ್ ನನ್ನ ಚೀಲದಿಂದ ಈ ದಿನಚರಿ ತಂದುಕೊಟ್ಟ. ಕೈಗೆ ಸೂಜಿ ಚುಚ್ಚಿದ್ದಾರೆ, ಆದರೂ ಬರೆಯಬಲ್ಲೆ. ನಿನ್ನೆಯದನ್ನು ಬರೆದುಬಿಡುತ್ತೇನೆ.

ಬೆಳಿಗ್ಗೆ ಟ್ವೈಲಾ ಬಂದಾಗ ನಾನು ಶೇವ್ ಮಾಡಿಕೊಂಡು, ಮಾರ್ಲಿಸ್ ಹೆಣೆದ ಸ್ವೆಟರ್ ಹಾಕಿಕೊಂಡು ಸಿದ್ಧನಾಗಿದ್ದೆ. ಕಾರಿನಲ್ಲಿ ಹೀಟರ್ ಜೋರಾಗಿತ್ತು. ಕಿಟಕಿ ತೆರೆಯುವ ಹಾಗಿರಲಿಲ್ಲ, ಹೊರಗೆ ಆ ಚಳಿ. ಹೆದ್ದಾರಿಗೆ ಬರುವಷ್ಟರಲ್ಲಿ ಅವಳು ಮಾತು ನಿಲ್ಲಿಸಿದಳು. ನಾನು ಮಾತಾಡುತ್ತಲೇ ಇದ್ದೆ, ಆ ಆರು ಜನರಿಗೆ ಯಾವ ಯಾವ ಪಾತ್ರ ಕೊಡುವುದು ಅಂತ. ನನ್ನ ಹಲ್ಲು ಕಟಕಟ ಅನ್ನುತ್ತಿದ್ದವು. ಅವಳು ಹೀಟರ್ ಆರಿಸಿದಳು. ಕಿಟಕಿಯನ್ನು ನಾಲ್ಕು ಬೆರಳು ಇಳಿಸಿದಳು. ಮ್ಯಾಡಿಸನ್ ತಲುಪುವ ತನಕ ಹಾಗೇ.

ಊರ ಅಂಚಿನ ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸಿ ಕೀಲಿ ತೆಗೆದಳು.

"ಡಾಕ್ಟರ ಹತ್ರ ಹೋಗಿರ್ಲಿಲ್ಲ ನೀನು."

ನಾನು ಮುಂದಿನ ಗಾಜು ನೋಡುತ್ತಿದ್ದೆ.

"ಅವತ್ತು ಸುಳ್ಳು ಹೇಳ್ದೆ. ನಾನು ನಂಬ್ದೆ. ಮರ್ವ್ ಸುಳ್ಳು ಹೇಳಲ್ಲ ಅಂತ ನಂಬ್ದೆ. ಒಂಬತ್ತು ದಿನ ನಾನೂ ಸುಮ್ನೆ ಕೂತೆನಲ್ಲೋ."

"ಟ್ವೈಲಾ, ಇವತ್ತೊಂದು ದಿನ. ಆರು ಜನ ಕಾಯ್ತಿದಾರೆ. ಸಂಜೆ ನಾನೇ ಹೋಗ್ತೀನಿ, ಆಣೆ."

"ಹೋದ್ರೆ ಕಾಲು ಕತ್ತರಿಸ್ತಾರೆ ಅಂತ ತಾನೇ ನಿಂಗೆ?"

ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅಪ್ಪನ ಕಥೆ ಅವಳಿಗೆ ಗೊತ್ತು, ಅಷ್ಟೇ.

"ನಿಮ್ಮಪ್ಪನ್ನ ನಮ್ಮಪ್ಪನೇ ಟ್ರಕ್ಕಿನಲ್ಲಿ ಹಾಕ್ಕೊಂಡು ಹೋಗಿದ್ದು," ಅಂದಳು. "ಕೊಟ್ಟಿಗೆಯಲ್ಲಿ ಬಿದ್ದಿದ್ರಂತೆ. ಬೂಟು ಬಿಚ್ಚೋಕೆ ಆಗ್ಲಿಲ್ಲ, ಕತ್ತರಿಸಿ ತೆಗೆದ್ರಂತೆ. ಸುಗ್ಗಿ ಮುಗೀಲಿ, ಸುಗ್ಗಿ ಮುಗೀಲಿ ಅಂತ ಎರಡು ತಿಂಗಳು ಗಾಯಾನ ಆ ಬೂಟಿನೊಳಗೆ ಮುಚ್ಚಿಟ್ಟಿದ್ರು. ನೀನು ಆಗ ಸೈನ್ಯದಲ್ಲಿದ್ದೆ, ನಿಂಗ್ಯಾರೂ ಹೇಳಿಲ್ಲ. ನಡೆದುಕೊಂಡೇ ಹೋದ್ರು, ಆಸ್ಪತ್ರೆಯವರೇ ಬೆರಳಿಂದ ಶುರು ಮಾಡಿ ತೆಗೆದ್ರು ಅಂತ ನಿಮ್ಮಮ್ಮ ಹೇಳಿದ್ದು ನಿಮ್ಮಪ್ಪನ ಮಾನ ಉಳ್ಸೋಕೆ."

ಅಪ್ಪ ನಡೆದುಕೊಂಡು ಹೋದ ಅಂತ ನಾನು ಎಷ್ಟು ಸಲ ಎಷ್ಟು ಜನರಿಗೆ ಹೇಳಿದ್ದೇನೋ. ನನಗೆ ಸಿಟ್ಟು ಬಂತು, ಅವಳ ಮೇಲೆ, ಅಮ್ಮನ ಮೇಲೆ, ಕೊನೆಗೆ ಆ ಬೂಟಿನ ಮೇಲೂ.

"ಎಡಕ್ಕೆ ಹೋದ್ರೆ ನಿನ್ ಸಮ್ಮೇಳನ," ಅಂದಳು. "ಬಲಕ್ಕೆ ಆಸ್ಪತ್ರೆ. ನಾನು ಎತ್ತಾಕ್ಕೊಂಡು ಹೋಗಲ್ಲ. ನೀನು ಹೇಳು. ಈಗ ಏನ್ ಮಾಡ್ತೀಯ?"

ಇದು ನನ್ನ ಮಾತು. ಆಟ ನಡೆಸುವವನ ಮಾತು. ಎದುರಿಗೆ ಕೂತವರನ್ನು ಬಾಗಿಲ ಮುಂದೆ, ಪ್ರಪಾತದ ಮುಂದೆ, ರಾಕ್ಷಸನ ಮುಂದೆ ನಿಲ್ಲಿಸಿ ಕೇಳುತ್ತಿದ್ದದ್ದು. ನನ್ನನ್ನು ಯಾರೂ ಕೇಳಿರಲಿಲ್ಲ. ಕೈಯಲ್ಲಿ ದಾಳ ಇಲ್ಲದೆ ಆ ಪ್ರಶ್ನೆ ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ. ಅವಳು ಅವಸರ ಮಾಡಲಿಲ್ಲ. ಒಬ್ಬಳು ಹೆಂಗಸು ಬಂದು ಪಕ್ಕದ ಕಾರಿಗೆ ಪೆಟ್ರೋಲ್ ತುಂಬಿಸಿಕೊಂಡು ಹೋದಳು.

"ಬಲಕ್ಕೆ," ಅಂದೆ.

ಗಾರ್ಥ್ ನನ್ನ ಬದಲು ಆಟ ನಡೆಸಿ ಸಂಜೆ ಇಲ್ಲಿಗೆ ಬಂದ. ನಡೆಸಿದ್ದು ಕೆಟ್ಟದಾಗಿತ್ತು ಅಂತ ಅವನೇ ಒಪ್ಪಿಕೊಂಡ. "ಒಬ್ಳು ಹುಡುಗಿ ಕೇಳಿದ್ಲು ಭಾವ, ಈ ಗಟ್ಟಿಗರ ಕಾಳಗ ಮುಗೀತು ಅಂತ ಹೇಳೋರು ಯಾರು ಅಂತ. ನಂಗೆ ಉತ್ತರ ಹೊಳೀಲಿಲ್ಲ."

"ಪಕ್ಕದಲ್ಲಿರೋರು," ಅಂದೆ. ಬರೆದುಕೊಳ್ಳಲು ಹೇಳಿದೆ. ನಾನೇ ಮೊದಲಿನಿಂದ ಹಾಗೆ ಯೋಚಿಸಿದ್ದೆ ಅಂತ ಕಾಣುತ್ತದೆ.

ಫೆಬ್ರವರಿ 10, ಸೋಮವಾರ

ಡಾಕ್ಟರ್ ಸಾಂಡ್‌ವಿಕ್, ಚಿಕ್ಕ ವಯಸ್ಸಿನ ಹೆಣ್ಣುಮಗಳು. ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಸೋಂಕು ಮೂಳೆಗೆ ಇಳಿದಿದೆಯಂತೆ, ಕಣಕಾಲು ದಾಟುತ್ತಿದೆಯಂತೆ. ಮಂಡಿ ಉಳಿಸಬೇಕಾದರೆ ಇವತ್ತೇ ಮಂಡಿಯ ಕೆಳಗೆ ತೆಗೆಯಬೇಕು.

"ಇನ್ನೂ ಮೊದಲೇ ಯಾಕೆ ಬರಲಿಲ್ಲ ನೀವು?"

"ನೋವಿರಲಿಲ್ಲ ಡಾಕ್ಟರೇ."

"ನೋವಿದ್ದಿದ್ದರೆ ಮೊದಲ ವಾರವೇ ಬರ್ತಿದ್ದಿರಿ. ತೊಳೆದು, ಮಾತ್ರೆ ಕೊಟ್ಟು ಕಳಿಸ್ತಿದ್ದೆವು."

ಬೈಯುವ ದನಿಯಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. ಸಹಿ ಹಾಕಿದೆ.

ಭಯವಾಗುತ್ತಿದೆ. ಟ್ವೈಲಾಗೆ ಹೇಳಿದೆ, ನಂಗೆ ಭಯ ಆಗ್ತಿದೆ ಕಣೇ ಅಂತ. ಅವಳು ಕಂಬಳಿ ಸರಿಸಿ ಕಾಲನ್ನು ನೋಡಿದಳು, ಪೂರ್ತಿ ನೋಡಿದಳು. ಮುಖ ತಿರುಗಿಸಲಿಲ್ಲ. ಇನ್ನು ಕರೆದುಕೊಂಡು ಹೋಗಲು ಬರುತ್ತಾರೆ.

ಫೆಬ್ರವರಿ 13, ಗುರುವಾರ

ಗುರುವಾರ ಅಂತ ಗಾರ್ಥ್ ಬಂದ. ಟ್ವೈಲಾ ಕಿಟಕಿ ಪಕ್ಕದಲ್ಲಿ ಪದಬಂಧ ತುಂಬುತ್ತಿದ್ದಳು. ಮೂವರೂ ಇದ್ದೆವು, ಆಟ ಆಡಲಿಲ್ಲ.

ಮಂಡಿ ಉಳಿಯಿತು. ಅದರ ಕೆಳಗೆ ಕಂಬಳಿ ಚಪ್ಪಟೆ. ನರ್ಸು ಹೊತ್ತುಹೊತ್ತಿಗೆ ಬಂದು ನೋವು ಎಷ್ಟಿದೆ ಅಂತ ಕೇಳುತ್ತಾಳೆ, ಸೊನ್ನೆಯಿಂದ ಹತ್ತರೊಳಗೆ. ಆಪರೇಷನ್ ಆದಾಗಿನಿಂದ ನಾನು ಎರಡು ಅನ್ನುತ್ತಾ ಬಂದಿದ್ದೇನೆ. ಇವತ್ತು ಮಧ್ಯಾಹ್ನ ಎಚ್ಚರವಾದದ್ದೇ ನೋವಿಗೆ. ಎಡಗಾಲಿನ ಕಿರುಬೆರಳು ಹೊತ್ತಿ ಉರಿಯುತ್ತಿತ್ತು. ಅಂಗಾಲಿನ ನಡುವೆ, ದಾಳ ಹೊಕ್ಕ ಜಾಗದಲ್ಲೇ, ಯಾರೋ ಮೊಳೆ ಹೊಡೆಯುತ್ತಿದ್ದ ಹಾಗೆ. ಕಾಲು ಇಲ್ಲ ಅಂತ ಗೊತ್ತು. ಕಣ್ಣಾರೆ ಕಾಣುತ್ತಿದೆ. ಎಷ್ಟೋ ವರ್ಷದಿಂದ ಅದು ಇದ್ದೂ ಒಂದು ಮಾತು ಆಡಿರಲಿಲ್ಲ.

ನರ್ಸು ಬಂದಳು. "ಎಷ್ಟಿದೆ ಈಗ?"

ಬಾಯಿಗೆ ಎರಡು ಅಂತಲೇ ಬಂತು. ಟ್ವೈಲಾ ಪದಬಂಧದಿಂದ ತಲೆ ಎತ್ತಲಿಲ್ಲ, ಆದರೆ ಪೆನ್ಸಿಲ್ ನಿಂತಿತು.

"ಎಂಟು," ಅಂದೆ.

"ಎಲ್ಲಿ?"

"ಪಾದದಲ್ಲಿ. ಎಡದ್ದು."

ಅವಳು ನಗಲಿಲ್ಲ, ತಿದ್ದಲೂ ಇಲ್ಲ. ಹಾಗಾಗುತ್ತದೆ, ಅದಕ್ಕೂ ಔಷಧಿ ಇದೆ ಅಂದು ತರಲು ಹೋದಳು. ನನಗೆ ಅಳು ಬಂತು. ಸಣ್ಣ ಮಕ್ಕಳ ಹಾಗೆ ಅತ್ತೆ, ಮೂಗು ಸೋರಿಸಿಕೊಂಡು. ಗಾರ್ಥ್ ಏನು ಮಾಡಬೇಕೋ ತಿಳಿಯದೆ ಎದ್ದು ಬಂದ. ಹಾಸಿಗೆಯ ಮೇಲೆ ಕೂರಲು ಹೋದವನು ಒಂದು ಕ್ಷಣ ತಡೆದು, ಪಾದ ಇರಬೇಕಾಗಿದ್ದ ಜಾಗವನ್ನು ಬಿಟ್ಟು, ಅಂಚಿನಲ್ಲಿ ಕೂತ.